ಮಡ್ಡಿಯೊಳಗಿನ ಹಿಮ್ಮೇಳ

“ಮುಜಮ್ಮಿಲ, ಅಂವಗ ಹೇಳು, ಚಪ್ಪಲಿ ಆಟೋದಾಗ ಬಿಡು ಅಂತ,” ಎಂದ ಫಕ್ಕೀರಪ್ಪ.

“ಬಿಟ್ಟೇನಿ ಅಂತ ಹೇಳು,” ಎಂದ ಶೇಖಸಾಬ, ಪಕ್ಕದಲ್ಲೇ ನಿಂತು, ಬೇರೆ ಕಡೆ ಮುಖ ಮಾಡಿಕೊಂಡು.

ಸವಣೂರು ಸ್ಟೇಷನ್ನಿನ ಹೊರಗೆ ಮುಂಜಾವಿನ ಮಂಜು ಆಟೋದ ದೀಪವನ್ನೇ ನುಂಗಿತ್ತು. ಆಟೋ ಓಡಿಸುವ ಮುಜಮ್ಮಿಲ ಇಬ್ಬರ ಚಪ್ಪಲಿ, ಚೀಲಗಳನ್ನು ಹಿಂದಿನ ಸೀಟಿನ ಮೇಲೆ ಒಗೆದು ನಕ್ಕ. “ನಾ ಇನ್ನ ರಸ್ತೆ ಹಿಡದು ಯಲವಿಗಿ ಸ್ಟೇಷನ್ನಿಗೆ ಹೊಂಟೆ, ಕಾಕಾ. ಮಡ್ಡಿಯೊಳಗ ನನ್ನಂಥ ಪೋಸ್ಟಮನ್ ಸಿಗೂದಿಲ್ಲ ನೋಡ್ರಿ. ಹೇಳೂದಿದ್ರ ಈಗ ಹೇಳಿಬಿಡ್ರಿ.”

ಇಬ್ಬರೂ ನಗಲಿಲ್ಲ. ಆಟೋ ಹೋಯಿತು.

ಅವರು ಮೊಹರಮ್ಮಿನಲ್ಲಿ ಕರ್ಬಲಾದ ಕತೆಯ ರಿವಾಯತ ಪದ ಹಾಡುವ ಜೋಡಿ. ಫಕ್ಕೀರಪ್ಪ ನುಡಿ ಎತ್ತಿದರೆ ಶೇಖಸಾಬ ಹಿಮ್ಮೇಳ ಕೊಡಬೇಕು. ಹುಲಗೂರಿನ ದರ್ಗಾಕ್ಕೆ ಹಾಡಲು ಹೋಗುವಾಗ ಈ ಎರಡು ಸ್ಟೇಷನ್ನುಗಳ ನಡುವಿನ ಮಡ್ಡಿಯನ್ನು, ಆ ಹುಲ್ಲುಗಾವಲಿನ ದಿಣ್ಣೆಯನ್ನು, ಬರಿಗಾಲಲ್ಲಿ, ಕೂಡಿಯೇ ದಾಟಬೇಕೆಂಬುದು ಅವರ ಉಸ್ತಾದರು ಹಾಕಿಕೊಟ್ಟ ನೇಮ. ಕಳೆದ ಮೊಹರಮ್ಮಿನಲ್ಲಿ, ತುಂಬಿದ ಸಭೆಯ ನಡುವೆ, ಶೇಖಸಾಬನಿಗೆ ಒಂದು ಸಾಲು ಮರೆತುಹೋಗಿತ್ತು. ಫಕ್ಕೀರಪ್ಪ ಒಂದು ಉಸಿರಿನಷ್ಟೂ ಕಾಯದೆ ಆ ಸಾಲನ್ನು ತಾನೇ ಹಾಡಿ ಮುಗಿಸಿದ್ದ. ಜನ ಚಪ್ಪಾಳೆ ತಟ್ಟಿದ್ದರು. ಅಂದಿನಿಂದ ಮಾತಿಲ್ಲ. ಈ ಸಲ ಹುಲಗೂರಿನಲ್ಲಿ ಹಾಡಿ ಜೋಡಿ ಬಿಟ್ಟುಬಿಡುತ್ತೇನೆಂದು ಶೇಖಸಾಬ ಹೆಂಡತಿ ಅಖ್ತರುನ್ನೀಸಾಳ ಮುಂದೆ ಹೇಳಿದ್ದ. ಅವಳು ನೆಟ್ಟಗೆ ಫಕ್ಕೀರಪ್ಪನ ಮನೆಗೇ ಬಂದಿದ್ದಳು. “ನೀವರ ಒಂದು ಮಾತು ಆಡ್ರಿ, ಅಣ್ಣಾ.”

“ಏನಂತ ಆಡ್ಲೆವ್ವಾ?” ಎಂದಿದ್ದ ಫಕ್ಕೀರಪ್ಪ. ಆ ಮಾತು ಅವನಿಗೆ ಇನ್ನೂ ಸಿಕ್ಕಿರಲಿಲ್ಲ.

ಮಡ್ಡಿ ಹತ್ತುತ್ತಿದ್ದಂತೆ ಮಂಜು ಇನ್ನೂ ದಟ್ಟವಾಯಿತು. ಫಕ್ಕೀರಪ್ಪನಿಗೆ ತನ್ನ ಕಾಲೇ ಕಾಣದಾಯಿತು. ಪಕ್ಕದಲ್ಲಿದ್ದ ಹೆಜ್ಜೆಯ ಸದ್ದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕೇಳಿಸಿ ಇಲ್ಲವಾಯಿತು. ಅವನು ಕೆಮ್ಮಿದ. ಎಲ್ಲೋ ಆಚೆ ಶೇಖಸಾಬ ಗಂಟಲು ಸರಿಮಾಡಿಕೊಂಡ. ಮತ್ತೆ ಕೆಮ್ಮಿದಾಗ ಉತ್ತರ ಇನ್ನಷ್ಟು ದೂರದಿಂದ ಬಂತು. ಹೆಸರು ಹಿಡಿದು ಕೂಗಲು ಬಾಯಿ ತೆರೆದ. ಹೆಸರು ಬರಲಿಲ್ಲ, ಪದ ಬಂತು.

“ನೀರ ಬೇಡ್ಯಾವ ಕಂದಗಳು ನಡುಬಯಲಾಗ…”

ತುಸು ತಡೆದು ಮಂಜಿನೊಳಗಿಂದ ಹಿಮ್ಮೇಳ ಬಂತು: “ಮುಗಿಲ ಬಿಟ್ಟರ ಯಾರಿಲ್ಲೋ ಅಣ್ಣ, ನಡುಬಯಲಾಗ…”

ಹಾಡುತ್ತಲೇ ನಡೆದರು. ದನಿ ದೂರಾದರೆ ಹೊರಳುವುದು, ಹತ್ತಿರಾದರೆ ಮುಂದೆ ಹೋಗುವುದು. ಒದ್ದೆ ಹುಲ್ಲು ಕಾಲು ಕೊಯ್ಯುತ್ತಿತ್ತು. ಇಷ್ಟು ತಿಳಿಯಾದ ಕಂಠವನ್ನು ಸಭೆಗಳಲ್ಲಿ ತಾನು ಕೇಳಿಯೇ ಇರಲಿಲ್ಲವಲ್ಲ ಎನಿಸಿತು ಫಕ್ಕೀರಪ್ಪನಿಗೆ. ಅಲ್ಲೆಲ್ಲ ಅವನು ತನ್ನ ಮುಂದಿನ ನುಡಿಯ ಅವಸರದಲ್ಲಿರುತ್ತಿದ್ದ.

ಮತ್ತೊಂದು ನುಡಿ ಎತ್ತಿ ನಿಲ್ಲಿಸಿದ. ಹಿಮ್ಮೇಳ ಬರಲಿಲ್ಲ.

ಮತ್ತೆ ಮರೆತಿದ್ದಾನೆ ಅಂದುಕೊಂಡ. ಆ ಸಾಲು ಫಕ್ಕೀರಪ್ಪನ ನಾಲಗೆಯ ತುದಿಗೇ ಬಂದಿತ್ತು. ತುಟಿ ಕಚ್ಚಿಕೊಂಡು ಕಾಯ್ದ. ಕೆಳಗೆಲ್ಲೋ ಗೂಡ್ಸ್ ಗಾಡಿಯೊಂದು ಬಂತು, ಹೋಯಿತು. ಆಗಲೂ ಹಾಡದೆ ಕಾಯ್ದ. ಕೊನೆಗೆ, ದನಿ ನಿಂತ ಕಡೆಗೆ ಮೆಲ್ಲಗೆ ಹೆಜ್ಜೆಯಿಟ್ಟ.

ಶೇಖಸಾಬ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಅವನೆದುರು ಮಂಜಿನ ಮೇಲೆ ಬರೀ ಕೊಂಬುಗಳು ತೇಲುತ್ತಿದ್ದವು. ತಿರುಚಿಕೊಂಡ, ಕರಿಯ, ಒದ್ದೆ ಕೊಂಬುಗಳು. ಬಿಸಿಲು ಏರಿದಂತೆ ಮಂಜು ಕೆಳಗಿಳಿಯಿತು. ಕೊಂಬಿನ ಕೆಳಗೆ ಕಿವಿ ಕಂಡಿತು, ಕಿವಿಯ ಕೆಳಗೆ ಕಣ್ಣು. ಚಿಗರಿಗಳು, ಕೃಷ್ಣಮೃಗಗಳು! ಮುಂದೆ, ಎಡಕ್ಕೆ, ಬಲಕ್ಕೆ, ಮಡ್ಡಿ ಮುಗಿಲಿಗೆ ಹತ್ತಿದಲ್ಲಿಯವರೆಗೂ ಚಿಗರಿಗಳೇ. ಮರಿಗಳು ತಾಯಂದಿರ ಹೊಟ್ಟೆಯಡಿ ನಿಂತಿದ್ದವು. ಒಂದೂ ಬೆದರಿರಲಿಲ್ಲ, ಒಂದೂ ಮೇಯುತ್ತಿರಲಿಲ್ಲ. ಎಲ್ಲವೂ ಇವರತ್ತ ಕಿವಿ ನಿಗುರಿಸಿದ್ದವು. ಒಂದು ಕರಿಯ ಗಂಡು ಎಷ್ಟು ಹತ್ತಿರವಿತ್ತೆಂದರೆ, ಅದು ಬಿಟ್ಟ ಉಸಿರಿನ ಹಬೆ ಶೇಖಸಾಬನ ಅಂಗಿಯವರೆಗೂ ಬರುತ್ತಿತ್ತು.

ಫಕ್ಕೀರಪ್ಪ ಒದ್ದೆ ಹುಲ್ಲಿನ ಮೇಲೆ ಮೆಲ್ಲಗೆ ಕುಳಿತ. ಶೇಖಸಾಬನೂ ಕುಳಿತ. ಹೆಗಲಿಗೆ ಹೆಗಲು ತಾಗಿತು. ಇಬ್ಬರೂ ಸರಿದುಕೊಳ್ಳಲಿಲ್ಲ.

ಶೇಖಸಾಬ ಅವನತ್ತ ತಿರುಗಿದ. ಕಣ್ಣು ತುಂಬಿತ್ತು. “ಫಕ್ಕೀರಣ್ಣ, ಅವತ್ತು…”

ಫಕ್ಕೀರಪ್ಪ ಚಿಗರಿಗಳ ಮೇಲಿನ ಕಣ್ಣು ಕೀಳದೆ, ಅವನ ಕೈಯನ್ನು ಗಟ್ಟಿಯಾಗಿ ಹಿಡಿದು ಪಿಸುಗುಟ್ಟಿದ:

“ಮಾತಾಡಬ್ಯಾಡೋ, ಶೇಖ್ಯಾ.”