ಮೂರು ಗಂಟೆಯ ಕಲ್ಲು

ಮಧ್ಯಾಹ್ನದ ಗಂಟೆ ಹೊಡೆಯಿತು. ದಿನದಂತೆ ಭೂಮಿ ತನ್ನ ಸೆಳೆತವನ್ನು ಸಂಜೆಯವರೆಗೆ ನಿಲ್ಲಿಸಿತು. ಮೌಲ್ಯಮಾಪನ ಕೇಂದ್ರದ ಮೇಷ್ಟ್ರುಗಳು ಸೊಂಟದ ಪಟ್ಟಿಯನ್ನು ಬೆಂಚಿಗೆ ಬಿಗಿದುಕೊಂಡು, ತೇಲಹೊರಟ ಉತ್ತರಪತ್ರಿಕೆಗಳನ್ನು ಕ್ಲಿಪ್ಪಿಗೆ ಸಿಕ್ಕಿಸಿ ಕೆಲಸ ಮುಂದುವರಿಸಿದರು.

ವಿಜ್ಞಾನದ ಶಿಕ್ಷಕಿ ನೀಲಾಂಬಿಕಾಗೆ ಮಾತ್ರ ಮೈ ಉರಿಯುತ್ತಿತ್ತು. ಹತ್ತನೆಯ ತರಗತಿಯ ಕಠಿಣ ಪ್ರಶ್ನೆ ಇದು: ಮಧ್ಯಾಹ್ನ ಮೂರಕ್ಕೆ ಇಪ್ಪತ್ತು ಮೀಟರ್ ಎತ್ತರದ ಮಾಳಿಗೆಯಿಂದ ಕಲ್ಲನ್ನು ಕೈಬಿಟ್ಟರೆ ನೆಲ ಮುಟ್ಟಲು ಎಷ್ಟು ಹೊತ್ತು ಬೇಕು? ಒಬ್ಬ ಹುಡುಗಿ ಬರೆದಿದ್ದಳು: "ಸಂಜೆಯವರೆಗೆ ಬೀಳುವುದೇ ಇಲ್ಲ." ಇಲಾಖೆ ಕೊಟ್ಟ ಕೀ ಉತ್ತರವೋ ಸೆಳೆತ ಇನ್ನೂ ನಿಲ್ಲದಿದ್ದ ಅಜ್ಜನ ಕಾಲದ್ದು: ಎರಡು ಸೆಕೆಂಡು. ಅದನ್ನು ತಿದ್ದಿ ಎಂದು ವರ್ಷವರ್ಷವೂ ಹೇಳಿ ನೀಲಾಂಬಿಕಾಳ ಗಂಟಲು ಒಣಗಿತ್ತು.

"ಸೊನ್ನಿ ಹಾಕ್ರಿ ಮೇಡಂ," ಎಂದರು ಮುಖ್ಯ ಮೌಲ್ಯಮಾಪಕ ಚನ್ನವೀರಯ್ಯ.

"ಖರೇ ಬರದಾಕಿಗೆ ಸೊನ್ನಿ ಏನ್ರಿ ಸರ?"

"ಕೀ ಒಳಗ ಇದ್ದದ್ದಷ್ಟೇ ಖರೇ. ನಿಮ್ಮ ಶಾಣ್ಯಾತನ ಸಾಕು!"

ನೀಲಾಂಬಿಕಾ ಕೈಚಾಚಿ ಅವರ ಪಟ್ಟಿಯ ಬಕಲ್ ಕಿತ್ತಳು. ಸಿಟ್ಟಿನಿಂದ ನೆಲಕ್ಕೆ ಕಾಲು ಅಪ್ಪಳಿಸಿದ ಚನ್ನವೀರಯ್ಯ ಸೀದಾ ಮೇಲೇರಿ, ಚಾವಣಿಗೆ ತಲೆ ಬಡಿದುಕೊಂಡು ಕೈಕಾಲು ಆಡಿಸತೊಡಗಿದರು.

"ಇಳಸ್ರೀ ನನ್ನ!"

ಅವಳು ತಲೆ ಎತ್ತದೆ ಹುಡುಗಿಗೆ ಪೂರ್ತಿ ಅಂಕ ಹಾಕಿದಳು.

"ಯಾಕ ಒದರ್ತೀರಿ ಸರ? ಕೀ ಪ್ರಕಾರ ಎರಡು ಸೆಕೆಂಡಿನಾಗ ಬೀಳ್ತೀರಿ."