ರಾತ್ರಿಯ ಬೂಟು

"ರಾತ್ರಿ ಹೊತ್ತು ಬೂಟು ಹಾಕ್ತಿದ್ರಾ?" ನಾಲ್ಕು ವರ್ಷದ ನೂರೀನಳ ಬಲಪಾದವನ್ನು ಅಂಗೈಯಲ್ಲಿಟ್ಟುಕೊಂಡು ಡಾಕ್ಟರ್ ರಮ್ಯ ಕೇಳಿದರು.

"ಒಂದು ರಾತ್ರೀನೂ ತಪ್ಪಿಸಿಲ್ಲ ಮೇಡಂ. ನಾನೇ ಕೈಯಾರೆ ಕಟ್ಟಿ, ಆಮೇಲೆ ಆಟೋ ತೆಗೀತಿದ್ದೆ," ಎಂದ ಅವಳ ಅಪ್ಪ ವಾಜಿದ್. ಗೊರಗುಂಟೆಪಾಳ್ಯದಲ್ಲಿ ರಾತ್ರಿ ಬಸ್ಸಿಳಿಯುವವರೇ ಅವನ ಗಿರಾಕಿಗಳು. ಪಕ್ಕದಲ್ಲಿದ್ದ ಹೆಂಡತಿ ರೆಹಾನಾ ತಲೆ ತಗ್ಗಿಸಿದಳು.

ಹುಟ್ಟುವಾಗಲೇ ಮಗುವಿನ ಆ ಪಾದ ಒಳಕ್ಕೆ ಸೊಟ್ಟಗಿತ್ತು. ವಾರವಾರ ಪ್ಲಾಸ್ಟರ್ ಕಟ್ಟಿ ನೆಟ್ಟಗೆ ಮಾಡಿದವರು ಈ ಡಾಕ್ಟರೇ. ಮತ್ತೆ ತಿರುಗದಿರಲಿ ಎಂದು, ನಡುವೆ ಕಂಬಿ ಕೂಡಿಸಿದ ಜೋಡಿ ಬೂಟು ಕೊಟ್ಟು, ಮಲಗುವಾಗ ಹಾಕಿ ಎಂದಿದ್ದರು. ಹಾಕಿದರೆ ಮಗು ಸೂರು ಹಾರಿಹೋಗುವಂತೆ ಅಳುತ್ತಿತ್ತು. ಹೆತ್ತ ಕರುಳು ಎಷ್ಟೆಂದು ತಡೆದೀತು? ಗಂಡ ಮೆಟ್ಟಿಲಿಳಿದದ್ದೇ ತಡ, ರೆಹಾನಾ ಬೂಟಿನ ಪಟ್ಟಿ ಬಿಚ್ಚುತ್ತಿದ್ದಳು. ಅವನು ಬರುವ ಮುಂಚೆ ಮತ್ತೆ ಕಟ್ಟಿಡುತ್ತಿದ್ದಳು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಮಾತು ಪಾದಕ್ಕೂ ಸಲ್ಲುತ್ತದೆಂದು ಅವಳಿಗೆ ಹೊಳೆದದ್ದು ಈಗ.

"ಪಾದ ಮತ್ತೆ ತಿರುಗಿದೆ," ಎಂದರು ಡಾಕ್ಟರ್. "ಎರಡು ಥರ ಆಪರೇಷನ್ ಇದೆ. ಚಿಕ್ಕದ್ರಲ್ಲಿ ಪ್ಲಾಸ್ಟರ್ ಹಾಕಿ, ಒಂದು ಸ್ನಾಯುವಿನ ತುದಿ ಬಿಡಿಸಿ ಪಕ್ಕಕ್ಕೆ ಕೂಡಿಸ್ತೀವಿ. ಪಾದ ಸಲೀಸಾಗಿ ಆಡ್ಕೊಂಡಿರುತ್ತೆ. ದೊಡ್ಡದ್ರಲ್ಲಿ ಕೀಲುಗಳನ್ನೇ ಬಿಡಿಸಿ ಕೂರಿಸ್ಬೇಕು. ನೆಟ್ಟಗಾಗುತ್ತೆ, ಆದ್ರೆ ದೊಡ್ಡವಳಾದ್ಮೇಲೆ ಬಿಗಿದುಕೊಳ್ಳುತ್ತೆ, ನೋವೂ ಬರಬಹುದು. ಬಿಡದೆ ಬೂಟು ಹಾಕಿಯೂ ಹೀಗಾಗಿದೆ ಅಂದ್ರೆ ಚಿಕ್ಕದು ಸಾಲದೇನೋ."

ರೆಹಾನಾಗೆ ಬಾಯಲ್ಲಿ ಬಿಸಿತುಪ್ಪ. ನುಂಗಿದರೆ ಮಗಳ ಕಾಲು, ಉಗುಳಿದರೆ ಗಂಡನ ನಂಬಿಕೆ.

"ಹಾಕಿರ್ಲಿಲ್ಲ ಮೇಡಂ," ಎಂದಳು ಕೊನೆಗೆ. "ಇವರು ಹೋದ್ಮೇಲೆ ನಾನೇ ಬಿಚ್ಚಿಬಿಡ್ತಿದ್ದೆ. ಇವರಿಗೇನೂ ಗೊತ್ತಿಲ್ಲ. ಚಿಕ್ಕದನ್ನೇ ಮಾಡಿ."

ಡಾಕ್ಟರ್ ಬೈಯಲಿಲ್ಲ. "ಹಾಗಾದ್ರೆ ಮೊದ್ಲು ಪ್ಲಾಸ್ಟರ್ ಹಾಕಿ ನೋಡೋಣ. ಆದ್ರೆ ಆಮೇಲೆ ಮತ್ತೆ ಬೂಟು ಇದ್ದೇ ಇದೆ."

ಗಂಡ ಏನಾದರೂ ಅಂದಾನು ಎಂದು ರೆಹಾನಾ ಕಾದಳು. ಅವನು ಮಗಳ ಪಾದವನ್ನೇ ನೋಡುತ್ತಿದ್ದ.

"ಗೊತ್ತಿತ್ತು ಮೇಡಂ," ಎಂದ ವಾಜಿದ್, ಯಾರ ಮುಖವನ್ನೂ ನೋಡದೆ. "ಕೆಳಗೆ ಆಟೋದಲ್ಲೇ ಕೂತಿರ್ತಿದ್ದೆ. ಇವಳು ಬಿಚ್ಚಿ, ಮಗುವಿನ ಅಳು ನಿಂತ್ಮೇಲೇ ಗಾಡಿ ಸ್ಟಾರ್ಟ್ ಮಾಡ್ತಿದ್ದದ್ದು."