ಐದಕ್ಕೆ ಸೊನ್ನೆ

“ಕನ್ನಡಿ, ಬಾವಿ, ಕತ್ತರಿ, ಹಳದಿ, ಏಣಿ. ಐದು ನಿಮಿಷ ಬಿಟ್ಟು ಕೇಳ್ತೀನಿ, ಅಷ್ಟನ್ನೂ ಹೇಳ್ಬೇಕು,” ಎಂದ ಆಸ್ಪತ್ರೆಯ ನೆನಪಿನ ಪರೀಕ್ಷಕ. ಎದುರಿಗೆ ಕೂತಿದ್ದಾಕೆ ನ್ಯಾಯಾಲಯದ ದುಭಾಷಿ. ವಯಸ್ಸು ಎಪ್ಪತ್ತೊಂದು. ನೆನಪು ನೆಟ್ಟಗಿದೆಯೆಂದು ಇವನು ಬರೆದುಕೊಟ್ಟರೆ ಸೋಮವಾರದಿಂದ ಮತ್ತೆ ಕೆಲಸ, ಇಲ್ಲವಾದರೆ ಮನೆ.

ಐದು ನಿಮಿಷವಾಯಿತು. ಆಕೆ ಐದನ್ನೂ ಅದೇ ಕ್ರಮದಲ್ಲಿ, ಒಂದಿಷ್ಟೂ ತಡವರಿಸದೆ ಹೇಳಿದಳು. ಆದರೆ ಬೇರೆ ಭಾಷೆಯಲ್ಲಿ. ಕಿವಿಗೆ ಬಿದ್ದದ್ದನ್ನು ಬಿದ್ದ ಭಾಷೆಯಲ್ಲೇ ಹಿಂದಿರುಗಿಸುವುದು ದುಭಾಷಿಯ ಕಸುಬಿನಲ್ಲಿ ತಪ್ಪು. ನಲವತ್ತು ವರ್ಷ ಆ ನಾಲಿಗೆ ಆ ತಪ್ಪು ಮಾಡಿರಲಿಲ್ಲ, ಇವತ್ತೂ ಮಾಡಲಿಲ್ಲ.

ಪರೀಕ್ಷಕ ಹಾಳೆಯ ಮೇಲೆ ಸೊನ್ನೆ ಸುತ್ತಿದ.

ಆಕೆ ತಕ್ಷಣ ಅವೇ ಐದನ್ನು ಅವನ ಭಾಷೆಯಲ್ಲಿ ಹೇಳಿದಳು. ಮೊದಲ ಉತ್ತರ ಮಾತ್ರ ಲೆಕ್ಕಕ್ಕೆ, ಎಂದ. ಆಕೆಗೆ ರೇಗಿತು. ಮೂರನೆಯ ಭಾಷೆಯಲ್ಲೂ ಹೇಳಿದಳು. ನಾಲ್ಕನೆಯದರಲ್ಲಿ ಹಿಂದಿನಿಂದ ಮುಂದಕ್ಕೆ ಹೇಳಿದಳು.

“ಐದು ಕೇಳಿದ್ರಿ, ಇಪ್ಪತ್ತು ಹೇಳಿದೀನಿ. ಇದಕ್ಕೆ ಸೊನ್ನೆನಾ ಸ್ವಾಮಿ?”

“ನಮೂನೆಲಿ ಇರೋದು ಒಂದೇ ಭಾಷೆ ಅಮ್ಮಾ. ನಾನೇನು ಮಾಡ್ಲಿ?”

ಹೆಚ್ಚು ಭಾಷೆ ಕಲಿಯಿರಿ, ನೆನಪು ಕಾಪಾಡಿಕೊಳ್ಳಿ ಎಂಬ ಬಣ್ಣದ ಪೋಸ್ಟರ್ ಗೋಡೆಯ ಮೇಲಿತ್ತು. ಅವನ ಕುರ್ಚಿ ಅದಕ್ಕೆ ಬೆನ್ನು ಮಾಡಿತ್ತು.

ಚೀಲ ಹೆಗಲಿಗೇರಿಸಿ ಹೊರಟವಳು ಬಾಗಿಲಲ್ಲೇ ನಿಂತಳು. ಮುಂದಿನ ಸರದಿ ಗಾರೆ ಕೆಲಸದ ಒಬ್ಬ ಮುದುಕನದು. ಗುಡ್ಡದಾಚೆಯ ತನ್ನ ಮಾತೊಂದು ಬಿಟ್ಟರೆ ಅವನಿಗೆ ಬೇರೆ ಬಾರದು. ಪರೀಕ್ಷಕ ಕನ್ನಡಿ, ಬಾವಿ ಎಂದು ಕೂಗುತ್ತಿದ್ದ. ಭಾಷೆ ಬಾರದವರಿಗೆಲ್ಲ ಕಿವಿ ಮಂದ ಎಂದು ಅವನ ತಿಳುವಳಿಕೆ. ಮುದುಕ ನಕ್ಕು ಕೈಮುಗಿದ. ಪೆನ್ನು ಮತ್ತೊಂದು ಸೊನ್ನೆಯತ್ತ ಇಳಿಯತೊಡಗಿತು.

ಆಕೆ ಯಾರನ್ನೂ ಕೇಳದೆ ಒಳಬಂದು ಮುದುಕನ ಪಕ್ಕ ಕೂತು, ಐದನ್ನೂ ಅವನ ಮಾತಿನಲ್ಲಿ ಹೇಳಿದಳು. ಐದು ನಿಮಿಷದ ಮೇಲೆ ಅವನು ಐದನ್ನೂ ಒಪ್ಪಿಸಿ, ಏಣಿ ಎಷ್ಟು ಮೆಟ್ಟಿಲಿನದು ಎಂದು ವಿಚಾರಿಸಿದ. ಆಕೆ ಅದನ್ನೂ ಅನುವಾದಿಸಿದಳು.

ಪರೀಕ್ಷಕನಿಗೆ ಖುಷಿಯಾಯಿತು. ಹಾಳೆಯ ಬುಡದಲ್ಲಿ ಅಚ್ಚಾಗಿದ್ದ ಸಾಲಿನ ಮೇಲೆ ಬೆರಳಿಟ್ಟ. “ಇಲ್ಲೊಂದು ಸಹಿ ಹಾಕಿ ಅಮ್ಮಾ. ಇಲ್ದಿದ್ರೆ ತಾತನ ಅಂಕ ಲೆಕ್ಕಕ್ಕಿಲ್ಲ.”

‘ಕೇಳಿದ್ದನ್ನು ಒಂದು ಮಾತೂ ಮರೆಯದೆ ಅನುವಾದಿಸಿದ್ದೇನೆ’ ಎಂದಿತ್ತು ಆ ಸಾಲು.

ಆ ಹಾಳೆಯ ಅಡಿಯಿಂದ ಆಕೆಯದೇ ಹಾಳೆ ಅರ್ಧ ಇಣುಕುತ್ತಿತ್ತು.

“ಸೊನ್ನೆ ತಗೊಂಡೋಳ ಸಹಿ ನಡೆಯುತ್ತಾ?”

ಪರೀಕ್ಷಕ ಪೆನ್ನು ಮುಂದೆ ಹಿಡಿದ. ಮುದುಕ ಇಬ್ಬರ ಮುಖವನ್ನೂ ನೋಡುತ್ತಿದ್ದ. ಆಕೆ ಸಹಿ ಹಾಕಿದಳು, ನಾಲ್ಕು ಲಿಪಿಗಳಲ್ಲಿ. ಸಹಿಯ ಚೌಕದಲ್ಲಿ ಜಾಗವಿದ್ದದ್ದು ಒಂದಕ್ಕೆ. ಉಳಿದ ಮೂರು ಅಂಚು ದಾಟಿ, ಅಡಿಯ ಹಾಳೆಗಿಳಿದು, ಅಲ್ಲಿದ್ದ ಸೊನ್ನೆಯ ಮೇಲೆ ಹಾದುಹೋದವು.